ಆತಂಕದ ಮಾತ್ರೆ ಜೊತೆ ಕಾಫಿ, ಬಿಯರ್, ಚಕ್ಕೋತ: ಎಷ್ಟು ಗಂಟೆ ಬಿಡಬೇಕು?

ಹೊಳೆಬದಿ:
ತಮ್ಮನಿಗೆ (34) ಆತಂಕಕ್ಕೆ ಡಾಕ್ಟರು ಎರಡು ಮಾತ್ರೆ ಬರೆದಿದ್ದಾರೆ. ಎಸ್ಸಿಟಾಲೋಪ್ರಾಂ 10 ಮಿ.ಗ್ರಾಂ ಬೆಳಿಗ್ಗೆ, ಕ್ಲೋನಜೆಪಾಂ 0.5 ಮಿ.ಗ್ರಾಂ ರಾತ್ರಿ. ಎರಡನೆಯದು ಮೂರು ವಾರಕ್ಕೆ ಮಾತ್ರ. ದಿನಕ್ಕೆ ನಾಲ್ಕು ಲೋಟ ಫಿಲ್ಟರ್ ಕಾಫಿ, ಶನಿವಾರ ಒಂದು ಬಾಟಲಿ ಸ್ಟ್ರಾಂಗ್ ಬಿಯರ್ ಅವನ ರೂಢಿ. ಹಿತ್ತಲಲ್ಲಿ ಚಕ್ಕೋತ ಬಿಟ್ಟಿದೆ. ನಿದ್ದೆ ಬರಲಿ ಅಂತ ಅಮ್ಮ ಅಶ್ವಗಂಧಾರಿಷ್ಟ ಕೊಡುತ್ತಿದ್ದಾರೆ. ಏಕಾದಶಿ ಉಪವಾಸವೂ ಇದೆ. ಇವಕ್ಕೂ ಮಾತ್ರೆಗೂ ಎಷ್ಟು ಗಂಟೆ ಅಂತರ ಇರಬೇಕು? ಶನಿವಾರ ಕ್ಲೋನಜೆಪಾಂ ಬಿಟ್ಟರೆ ಬಿಯರ್ ಕುಡಿಯಬಹುದೇ?

ಮದ್ದಿನ ಲೆಕ್ಕ:
ಮೊದಲು ಬಿಯರ್ ವಿಷಯ, ಅಪಾಯ ಇರುವುದು ಅಲ್ಲೇ. ಶನಿವಾರ ಮಾತ್ರೆ ಬಿಟ್ಟರೂ ಪ್ರಯೋಜನವಿಲ್ಲ. ಕ್ಲೋನಜೆಪಾಂ ರಕ್ತದಲ್ಲಿ ಅರ್ಧಕ್ಕೆ ಇಳಿಯಲು 30ರಿಂದ 40 ಗಂಟೆ ಬೇಕು. ಶುಕ್ರವಾರ ರಾತ್ರಿ ನುಂಗಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಶನಿವಾರ ರಾತ್ರಿಯೂ ಮೈಯಲ್ಲೇ ಇರುತ್ತದೆ, ಹಿಂದಿನ ದಿನಗಳ ಉಳಿಕೆ ಬೇರೆ.

ಈ ಮಾತ್ರೆಯೂ ಮದ್ಯವೂ ಮಿದುಳನ್ನು ಮಂದ ಮಾಡುವ ಗಾಬಾ ವ್ಯವಸ್ಥೆಯನ್ನೇ ಬಲಪಡಿಸುತ್ತವೆ. ಎರಡೂ ಸೇರಿದರೆ ತೂಕಡಿಕೆ, ತೂರಾಡುವುದು, ನಡೆದದ್ದು ನೆನಪಿಲ್ಲದಿರುವುದು. ಹೆಚ್ಚಾದರೆ ಉಸಿರೇ ನಿಧಾನವಾಗುತ್ತದೆ. 'ಒಂದು ಬಾಟಲಿ' ಅಂದರೆ ಕಡಿಮೆಯಲ್ಲ. 650 ಮಿ.ಲೀ. ಬಾಟಲಿಯಲ್ಲಿ ಶೇ. 8 ಅಂದರೆ 52 ಮಿ.ಲೀ. ಶುದ್ಧ ಆಲ್ಕೋಹಾಲ್. ಶೇ. 42.8ರ ವಿಸ್ಕಿಯ 30 ಮಿ.ಲೀ. ಪೆಗ್‌ನಲ್ಲಿ ಇರುವುದು ಸುಮಾರು 13. ಬಾಟಲಿಗೆ ನಾಲ್ಕು ಪೆಗ್ ಆಯಿತು.

ಕ್ಲೋನಜೆಪಾಂ ನಡೆಯುವಷ್ಟು ದಿನ, ನಿಲ್ಲಿಸಿದ ಮೇಲೂ ಒಂದು ವಾರ ಕುಡಿಯದಿರಲಿ. ಆಮೇಲೂ ಎಸ್ಸಿಟಾಲೋಪ್ರಾಂ ಇರುವವರೆಗೆ ಬಿಡುವುದೇ ಒಳ್ಳೆಯದು. ಕುಡಿದ ಮರುದಿನ ಬೆಳಿಗ್ಗೆ ಆತಂಕ ತಾನೇ ಏರುತ್ತದೆ. ಎಬ್ಬಿಸಿದರೂ ಏಳುತ್ತಿಲ್ಲ, ಉಸಿರು ನಿಧಾನ ಅನ್ನಿಸಿದರೆ ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಇನ್ನೊಂದು ಮಾತು: ಕುಡಿತ ವಾರಕ್ಕೊಮ್ಮೆಯಲ್ಲ, ದಿನಾ ಇದೆ ಅನ್ನುವುದಾದರೆ ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಡಾಕ್ಟರಿಗೆ ಇದ್ದದ್ದನ್ನು ಇದ್ದಂತೆ ಹೇಳಿ.

ಡಿಕಾಕ್ಷನ್:
ಕಾಫಿಗೆ ಅಂತರದ ಲೆಕ್ಕ ಬೇಡ. ಅದು ಈ ಎರಡು ಮಾತ್ರೆಗಳನ್ನು ಕೆಡಿಸುವುದಿಲ್ಲ, ಕೆಣಕುವುದು ಕಾಯಿಲೆಯನ್ನು. ಎದೆ ಡವಡವ, ಕೈನಡುಕ, ನಿದ್ದೆಗೇಡು ಕೆಫೀನ್‌ನಿಂದಲೂ ಬರುತ್ತವೆ, ಆತಂಕದಿಂದಲೂ ಬರುತ್ತವೆ. ಎಸ್ಸಿಟಾಲೋಪ್ರಾಂ ಶುರುವಾದ ಮೊದಲ ಒಂದೆರಡು ವಾರ ಅದೇ ಚಡಪಡಿಕೆ ತರಬಹುದು. ಮೂರೂ ಸೇರಿದಾಗ ಮಾತ್ರೆಯೇ ಆಗುತ್ತಿಲ್ಲ ಅಂತ ಜನ ಬಿಟ್ಟುಬಿಡುತ್ತಾರೆ. ಅದು ಗುಣ ಕಾಣುವುದೇ ನಾಲ್ಕಾರು ವಾರಕ್ಕೆ.

ಒಮ್ಮೆಲೇ ಕಾಫಿ ನಿಲ್ಲಿಸಿದರೆ ಒಂದು ದಿನದೊಳಗೆ ತಲೆ ಸಿಡಿಯಲು ಶುರುವಾಗುತ್ತದೆ. ಮೂರು ನಾಲ್ಕು ದಿನಕ್ಕೊಂದು ಲೋಟ ಕಡಿಮೆ ಮಾಡಿ, ಎರಡಕ್ಕೆ ತನ್ನಿ. ಮೊದಲು ಸಂಜೆಯದ್ದು ಹೋಗಲಿ: ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು, ಸಂಜೆ ಐದರ ಕಾಫಿ ರಾತ್ರಿ ಹತ್ತಕ್ಕೂ ಅರ್ಧ ಉಳಿದಿರುತ್ತದೆ. ಉಳಿದ ಲೋಟಗಳಿಗೆ ಫಿಲ್ಟರಿನಲ್ಲಿ ಮೊದಲು ಇಳಿದ ಗಟ್ಟಿ ಡಿಕಾಕ್ಷನ್ ಬದಲು, ಅದೇ ಪುಡಿಗೆ ಮತ್ತೆ ಬಿಸಿನೀರು ಹಾಕಿ ಇಳಿಸಿದ ಎರಡನೆಯದನ್ನು ಬಳಸಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಹಾಗಾಗಿ 80:20 ಪುಡಿಗಿಂತ 60:40 ಹಗುರ.

ಎಸ್ಸಿಟಾಲೋಪ್ರಾಂ ಗುಂಪಿನದೇ ಇನ್ನೊಂದು ಮಾತ್ರೆ ಫ್ಲುವಾಕ್ಸಮೀನ್ ತೆಗೆದುಕೊಳ್ಳುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಕೆಫೀನ್ ಕರಗಿಸುವ ಕಿಣ್ವವನ್ನೇ ಅದು ತಡೆಯುತ್ತದೆ. 5 ಗಂಟೆಯ ಕೆಲಸ 30 ಗಂಟೆಗೂ ಎಳೆಯಬಹುದು. ಅವರಿಗೆ ಒಂದು ಲೋಟವೂ ಜಾಸ್ತಿಯೇ.

ಸಿಪ್ಪೆ ತೊಳೆ:
ಚಕ್ಕೋತಕ್ಕೆ ಹೆದರುವ ಕಾರಣ ಇದು: ಕೆಲವು ಮಾತ್ರೆಗಳ ಜೊತೆ ಬೇಡ ಅನ್ನುವ ಗ್ರೇಪ್‌ಫ್ರೂಟ್ ಹಣ್ಣು ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆ ಬೆರೆತು. ಗ್ರೇಪ್‌ಫ್ರೂಟ್, ಚಕ್ಕೋತ ಎರಡರಲ್ಲೂ ಇರುವ ಫ್ಯೂರಾನೋಕೂಮರಿನ್ ಎಂಬ ರಾಸಾಯನಿಕಗಳು ಕರುಳಿನ ಗೋಡೆಯಲ್ಲಿ ಔಷಧ ಒಡೆಯುವ ಕಿಣ್ವವನ್ನು ಕೆಡಿಸುತ್ತವೆ. ಹೊಸ ಕಿಣ್ವ ತಯಾರಾಗಲು ಒಂದರಿಂದ ಮೂರು ದಿನ ಹಿಡಿಯುವುದರಿಂದ ಇಲ್ಲೂ ಗಂಟೆಗಳ ಅಂತರ ಉಪಯೋಗಕ್ಕಿಲ್ಲ.

ಆದರೆ ಪೆಟ್ಟು ಬೀಳುವುದು ಕರುಳಲ್ಲೇ ಬಹುಪಾಲು ಒಡೆದುಹೋಗುವ ಮಾತ್ರೆಗಳಿಗೆ. ಆತಂಕಕ್ಕೇ ಕೊಡುವ ಇನ್ನೊಂದು ಮಾತ್ರೆ ಬಸ್ಪಿರೋನ್ ನುಂಗಿದ್ದರಲ್ಲಿ ರಕ್ತ ಸೇರುವುದು ಶೇ. 4ರಷ್ಟು, ಗ್ರೇಪ್‌ಫ್ರೂಟ್ ರಸದೊಂದಿಗೆ ಅದು ಒಂಬತ್ತು ಪಟ್ಟು ಏರಿದ್ದುಂಟು. ಕ್ಲೋನಜೆಪಾಂ ಶೇ. 90ರಷ್ಟು ಹೇಗೂ ಒಳಹೋಗುತ್ತದೆ, ಏರಲು ಜಾಗವೇ ಕಡಿಮೆ. ತಮ್ಮನಿಗೆ ಆಗೊಮ್ಮೆ ನಾಲ್ಕು ತೊಳೆಯಿಂದ ತೊಂದರೆಯಿಲ್ಲ, ದಿನಾ ಲೋಟಗಟ್ಟಲೆ ರಸ ಬೇಡ. ಬಸ್ಪಿರೋನ್‌ಗೆ ಬದಲಾಯಿಸಿದರೆ ಚಕ್ಕೋತ ಪೂರ್ತಿ ಬಿಡಲಿ. ಮೂಸಂಬಿ, ಕಿತ್ತಳೆ ಧಾರಾಳವಾಗಿ ತಿನ್ನಬಹುದು.

ಅರಿಷ್ಟ ಮಾತ್ರ ಈಗಲೇ ನಿಲ್ಲಿಸಿ. ಬಾಟಲಿಯ ಲೇಬಲ್ ತಿರುಗಿಸಿ ನೋಡಿ, ಹುದುಗಿನಿಂದ ತಾನಾಗಿ ಹುಟ್ಟಿದ ಆಲ್ಕೋಹಾಲ್ ಎಷ್ಟು ಅಂತ ಇರುತ್ತದೆ. ಸಾಮಾನ್ಯವಾಗಿ ಶೇ. 5ರಿಂದ 10. ಒಂದು ಸಲಕ್ಕೆ 20 ಮಿ.ಲೀ. ಕುಡಿದರೆ ಆಲ್ಕೋಹಾಲ್ ಒಂದೆರಡು ಮಿ.ಲೀ. ಅಷ್ಟೆ. ಆದರೆ ಅಶ್ವಗಂಧವೂ ಮಂಪರು ತರುವಂಥದ್ದು, ಕ್ಲೋನಜೆಪಾಂ ಮೇಲೆ ಅದು ಕೂಡುತ್ತದೆ. ಅಮ್ಮ ಕೊಡುತ್ತಿರುವುದು ಡಾಕ್ಟರಿಗೆ ಗೊತ್ತಿರಲೇಬೇಕು.

ಹೊಳೆಬದಿ:
ಅರಿಷ್ಟ ಇವತ್ತೇ ನಿಲ್ಲಿಸುತ್ತೇವೆ. ಏಕಾದಶಿ ದಿನ ಹೇಗೆ? ಕಾಫಿ ಬಿಟ್ಟ ತಲೆನೋವಿಗೆ ಏನು ಕೊಡಬಹುದು?

ಮದ್ದಿನ ಲೆಕ್ಕ:
ಎಸ್ಸಿಟಾಲೋಪ್ರಾಂಗೆ ಊಟದ ಹಂಗಿಲ್ಲ. ತಿಂಡಿಯಾದ ಮೇಲೆ ಅನ್ನುವುದು ಶುರುವಿನ ವಾಕರಿಕೆ ತಗ್ಗಲಿ ಅಂತ. ಉಪವಾಸದ ದಿನ ಹಾಲು, ಬಾಳೆಹಣ್ಣಿನ ಫಲಾಹಾರ ಆದ ಮೇಲೆ ತೆಗೆದುಕೊಳ್ಳಲಿ. ನಿರ್ಜಲ ಉಪವಾಸವಾದರೆ ಮಾತ್ರೆಗೊಂದು ಲೋಟ ನೀರು ಅಮ್ಮ ಒಪ್ಪಲೇಬೇಕು. ಬಿಟ್ಟುಹೋದರೆ ಮರುದಿನ ಎರಡು ನುಂಗಬಾರದು.

ತಲೆನೋವಿಗೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ ಸಾಕು. ಐಬುಪ್ರೊಫೇನ್, ಆಸ್ಪಿರಿನ್ ಬೇಡ. ಎಸ್ಸಿಟಾಲೋಪ್ರಾಂ ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) ಒಂದಕ್ಕೊಂದು ಅಂಟಿಕೊಳ್ಳುವುದನ್ನು ತಗ್ಗಿಸುತ್ತದೆ, ಈ ನೋವಿನ ಮಾತ್ರೆಗಳು ಹೊಟ್ಟೆಯ ಒಳಪದರ ಕೆರೆಯುತ್ತವೆ. ಜೊತೆಯಾದರೆ ಹೊಟ್ಟೆಯಲ್ಲಿ ರಕ್ತ ಒಸರಬಹುದು. ಮಲ ಟಾರಿನಂತೆ ಕಪ್ಪಗಾದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.