‘ಮಡಿದವರ ಗುಡಿ’ ಅಂದರೆ ಒಳಗಿರುವ ದೇವರು ಯಾರು?

ನಮಸ್ಕಾರ. ಕಳೆದ ತಿಂಗಳು ಜಪಾನಿನ ಕ್ಯೋಟೋದಲ್ಲಿ ರ್‍ಯೋಜೆನ್ ಕಾನ್ನೊನ್ ಎಂಬ ಬೌದ್ಧ ಗುಡಿಗೆ ಹೋಗಿದ್ದೆ. ಎರಡನೇ ಮಹಾಯುದ್ಧದಲ್ಲಿ ಸತ್ತವರ ನೆನಪಿಗೆ 1955ರಲ್ಲಿ ಕಟ್ಟಿದ್ದು. ಟಿಕೆಟ್ ಜೊತೆಗೇ ಹೊತ್ತಿಸಿದ ಊದುಬತ್ತಿಯೊಂದನ್ನು ಕೈಗೆ ಕೊಡುತ್ತಾರೆ. ಬೂದಿ ಬೆರಳ ಮೇಲೆ ಬೀಳದ ಹಾಗೆ ಹಿಡಿದು ಒಳಗೆ ನಡೆದರೆ ಎದುರಿಗೆ 24 ಮೀಟರ್ ಎತ್ತರದ ಬಿಳಿ ಕಾನ್ನೊನ್, ಕೂತ ಭಂಗಿ. ಕಾನ್ನೊನ್ ಅಂದರೆ ನಮ್ಮ ಅವಲೋಕಿತೇಶ್ವರನೇ, ಬೌದ್ಧರ ಕರುಣೆಯ ಬೋಧಿಸತ್ವ.

ಫೋಟೊ ಮನೆಗೆ ಕಳಿಸುವಾಗ ‘ಹುತಾತ್ಮರ ಗುಡಿ’ ಅಂತ ಬರೆದೆ. ಅಪ್ಪ ತಕ್ಷಣ ತಕರಾರು ತೆಗೆದರು: “ಹುತ ಅಂದ್ರೆ ಹೋಮಕ್ಕೆ ಹಾಕಿದ್ದು. ತಾನಾಗಿ ಅರ್ಪಿಸಿಕೊಂಡವನು ಹುತಾತ್ಮ. ಬಲವಂತಕ್ಕೆ ಹೋಗಿ ಸತ್ತೋರೂ ಇರ್ತಾರಲ್ಲಪ್ಪ?” ಸರಿ ಅನ್ನಿಸಿತು. ‘ಮಡಿದವರ ಗುಡಿ’ ಅಂತ ತಿದ್ದಿದೆ. (ಅಮ್ಮ ಅದನ್ನು ಮಡಿಯುಟ್ಟವರ ಗುಡಿ ಅಂದುಕೊಂಡರಂತೆ.)

ಆದರೂ ಸಮಾಧಾನವಾಗಲಿಲ್ಲ. ಮಾರಮ್ಮನ ಗುಡಿ ಅಂದರೆ ಒಳಗೆ ಕೂತವಳು ಮಾರಮ್ಮ. ಮಾಸ್ತಿಗುಡಿಯಲ್ಲೂ ಹಾಗೇ, ಸತ್ತವಳೇ ದೇವರು. ಆ ಲೆಕ್ಕದಲ್ಲಿ ‘ಮಡಿದವರ ಗುಡಿ’ ಟೋಕಿಯೋದ ಯಾಸುಕುನಿಗೆ ಒಪ್ಪುತ್ತದೆ. ಅದು ಜಪಾನಿನದೇ ಹಳೆಯ ಧರ್ಮವಾದ ಶಿಂಟೋದ ಗುಡಿ. ಯುದ್ಧಗಳಲ್ಲಿ ಸತ್ತ 24 ಲಕ್ಷಕ್ಕೂ ಜಾಸ್ತಿ ಜನರನ್ನೇ ಅಲ್ಲಿ ‘ಕಾಮಿ’ ಅಂದರೆ ದೇವರು ಅಂತ ಪೂಜಿಸುತ್ತಾರೆ. ರ್‍ಯೋಜೆನ್‌ನಲ್ಲಿ ಹಾಗಲ್ಲ. ಕೈ ಮುಗಿಯುವುದು ಕಾನ್ನೊನ್‌ಗೆ, ಬೇಡಿಕೊಳ್ಳುವುದು ಸತ್ತವರಿಗಾಗಿ. ನಮ್ಮ ‘ಮಡಿದವರ’ ಎರಡನ್ನೂ ಒಂದೇ ಮಾಡಿಬಿಡುತ್ತದೆ, ಅಲ್ವಾ?

ಹಳೆಯ ಶಾಸನಗಳಲ್ಲಿ ಏನಾದರೂ ಸಿಗುತ್ತದಾ ಅಂತ ಯೋಚಿಸಿದೆ. 10ನೇ ಶತಮಾನದ ಆತಕೂರಿನ ಕಲ್ಲು ನೆನಪಾಯಿತು. ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ನಿಲ್ಲಿಸಿದ್ದು, ಚಲ್ಲೇಶ್ವರ ಎಂಬ ಶಿವನ ಗುಡಿಯ ಎದುರಿಗೆ. ಆ ಕಲ್ಲಿಗೆ ಪೂಜೆ ಮಾಡದೆ ಗೊರವ (ಅಲ್ಲಿನ ಶೈವ ಪೂಜಾರಿ) ಉಂಡರೆ ನಾಯಿಯ ಪಾಪ ಅವನಿಗೆ ಅಂತ ಕೆತ್ತಿಸಿದ್ದಾರೆ! ಆದರೆ ಅಲ್ಲೂ ಗುಡಿ ಚಲ್ಲೇಶ್ವರನದು, ಕಾಳಿಯ ಪಾಲಿಗೆ ಬಂದದ್ದು ಕಲ್ಲು. ಹಳೇಬೀಡಿನ ಹೊಯ್ಸಳೇಶ್ವರ ಇನ್ನೊಂದು ದಾರಿ: ದೇವರು ಶಿವ, ಹೆಸರು ಮಾತ್ರ ಹೊಯ್ಸಳನದು. ಹಾಗಂತ ‘ಮಡಿದೇಶ್ವರ’ ಅನ್ನೋಕಾಗುತ್ತಾ?

‘ಸ್ಮಾರಕ ದೇವಾಲಯ’ ಅನ್ನುವುದು ಬೋರ್ಡಿಗೆ ಸರಿ, ಬಾಯಿಗೆ ಬರುವುದಿಲ್ಲ. ‘ನೆನಪಿನ ಗುಡಿ’ ಮದುವೆ ಆಲ್ಬಮ್ಮಿನ ಹೆಸರಿನ ಹಾಗಿದೆ. ನಿಮ್ಮ ಊರ ಕಡೆ ಸತ್ತವರ ನೆನಪಿಗೆ ಅಂತ ಬೇರೆ ದೇವರಿಗೆ ಕಟ್ಟಿಸಿದ ಗುಡಿ ಇದೆಯಾ? ಇದ್ದರೆ ಜನ ಅದನ್ನು ಏನಂತ ಕರೆಯುತ್ತಾರೆ? ನಿಘಂಟಿನ ಪದ ಬೇಡ, ಆಟೋದವರಿಗೆ ಹೇಳಿದರೆ ಅಲ್ಲಿಗೆ ಮುಟ್ಟಿಸುವಂಥದ್ದು ಬೇಕು.