ಸನ್‌ಸ್ಕ್ರೀನ್ ಹಚ್ಚಿದ್ರೂ ಮುಖ ಕಪ್ಪಾಗೋದು ಯಾಕೆ

ಅತ್ತಿಗೆ, ಎಸ್‌ಪಿಎಫ್ 50 ಹಚ್ಕೊಂಡೇ ಹೋಗ್ತೀನಿ, ಆದ್ರೂ ಸಂಜೆ ಹೊತ್ತಿಗೆ ಮುಖ ಕಪ್ಪಿಡುತ್ತೆ ಅಂದ್ರಲ್ಲ, ಸ್ವಲ್ಪ ಉದ್ದ ಆಗುತ್ತೆ, ಕೇಳಿ.

ಬಹುಪಾಲು ಸಲ ತಪ್ಪು ಕ್ರೀಮಿಂದಲ್ಲ, ಹಚ್ಚೋ ಅಳತೇದು. ಆ ಎಸ್‌ಪಿಎಫ್, ಅಂದ್ರೆ ಬಿಸಿಲಿಂದ ಎಷ್ಟು ರಕ್ಷಣೆ ಅನ್ನೋ 50ರ ಅಂಕಿ ಬರೋದು ಪ್ರತಿ ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿ ಪರೀಕ್ಷೆ ಮಾಡಿದಾಗ. ಬೊಟ್ಟಿನಷ್ಟು ತಗೊಂಡು ಮುಖವೆಲ್ಲ ಎಳೆದ್ರೆ ಅದರ ಅರ್ಧವೂ ಸಿಗಲ್ಲ. ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿ ತನಕ ಒಂದೊಂದು ಗೆರೆ ಹಿಂಡಿ. ಮುಖ, ಕತ್ತಿಗೆ ಅಷ್ಟು ಬೇಕು. ಒಟ್ಟಿಗೇ ಬಳಿದ್ರೆ ಬೆಳ್ಳಗೆ ನಿಲ್ಲುತ್ತೆ. ಒಂದು ಗೆರೆ ಹಚ್ಚಿ, ಅದು ಕೂತ ಮೇಲೆ ಇನ್ನೊಂದು ಹಚ್ಚಿ. ಕಿವಿ, ಕತ್ತಿನ ಹಿಂದೆ, ಪಾದದ ಮೇಲ್ಭಾಗ ಮರೀಬೇಡಿ. ಹೊರಡೋ 15-20 ನಿಮಿಷ ಮೊದಲೇ ಮುಗಿಸಿ. ಬಿಸಿಲಲ್ಲೇ ಇದ್ರೆ 2 ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಬೆವರು ಒರೆಸಿಕೊಂಡ್ರೆ ಇನ್ನೂ ಬೇಗ. ತೆಳುವಾಗಿ ಹಚ್ಚಿದ 50ಕ್ಕಿಂತ ಸರಿಯಾಗಿ ಹಚ್ಚಿದ 30 ಎಷ್ಟೋ ಮೇಲು, ಯಾಕಂದ್ರೆ 30 ಸುಮಾರು 97 ಪರ್ಸೆಂಟ್ ಯುವಿಬಿ (ಬಿಸಿಲಲ್ಲಿರೋ ಒಂದು ಬಗೆ ಅತಿನೇರಳೆ ಕಿರಣ) ತಡೆಯುತ್ತೆ, 50 ಸುಮಾರು 98.

ಇನ್ನೊಂದು ವಿಷಯ. ಎಸ್‌ಪಿಎಫ್ ಲೆಕ್ಕ ಇರೋದು ಮುಖ್ಯವಾಗಿ ಚರ್ಮ ಸುಡೋ ಯುವಿಬಿಗೆ. ಕಪ್ಪಾಗಿಸೋದ್ರಲ್ಲಿ ಯುವಿಎ ಅನ್ನೋ ಇನ್ನೊಂದು ಬಗೆ ಅತಿನೇರಳೆ ಕಿರಣದ ಪಾಲು ದೊಡ್ಡದು, ಅದು ಕಿಟಕಿ ಗಾಜು ದಾಟಿ ಒಳಗೂ ಬರುತ್ತೆ. ಅದಕ್ಕೇ ಟ್ಯೂಬ್ ಮೇಲೆ 'ಬ್ರಾಡ್ ಸ್ಪೆಕ್ಟ್ರಮ್' (ಎರಡೂ ಕಿರಣ ತಡೆಯೋದು) ಅಂತ ಇದೆಯಾ ನೋಡಿ. ಕೆನ್ನೇಲಿ ಬಂಗು ಇದ್ರೆ ಕಣ್ಣಿಗೆ ಕಾಣೋ ಬೆಳಕೇ ಅದನ್ನ ಗಾಢ ಮಾಡುತ್ತೆ. ಆ ಬೆಳಕನ್ನ ತಡೆಯೋ ಐರನ್ ಆಕ್ಸೈಡ್ ಇರೋ, ಚರ್ಮದ ಬಣ್ಣದ ಟಿಂಟೆಡ್ ಕ್ರೀಮೇ ತಗೊಳ್ಳಿ. ನೆರಳು ನಿಮಗಿಂತ ಗಿಡ್ಡ ಇರೋ ಹೊತ್ತಲ್ಲಿ ಅಗಲ ಅಂಚಿನ ಟೋಪಿ, ತುಂಬು ತೋಳು ಇರ್ಲಿ. ಟ್ಯಾನ್ ಅನ್ನೋದು ಒಳಗಿನ ಡಿಎನ್‌ಎಗೆ ಏಟು ಬಿದ್ದಾಗ ಚರ್ಮ ಎತ್ತೋ ಕೊಡೆ, ಆರೋಗ್ಯದ ಗುರುತಲ್ಲ.

ಚಿಕ್ಕಪ್ಪ, ನಮ್ಮ ಬಣ್ಣಕ್ಕೆ ಚರ್ಮದ ಕ್ಯಾನ್ಸರ್ ಬರಲ್ಲ ಬಿಡು ಅಂದ್ರಿ. ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್‌ನಿಂದ ಅಪಾಯ ಕಮ್ಮಿ ಆಗೋದು ನಿಜ, ಇಲ್ಲವೇ ಇಲ್ಲ ಅನ್ನೋದು ನಿಜ ಅಲ್ಲ. ಕಪ್ಪು ಚರ್ಮದಲ್ಲಿ ಮೆಲನೋಮಾ ಅನ್ನೋ ಅಪಾಯದ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಬರೋದು ಅಂಗಾಲು, ಅಂಗೈ, ಉಗುರಿನಡಿ. ಅಲ್ಲಿ ಅದಕ್ಕೆ ಬಿಸಿಲು ಮುಖ್ಯ ಕಾರಣ ಅಲ್ಲ, ಹಾಗಾಗಿ ಅದನ್ನ ಕ್ರೀಮ್ ತಡೆಯಲ್ಲ, ಕಣ್ಣೇ ಹಿಡೀಬೇಕು. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಈ ಕ್ಯಾನ್ಸರ್ ಗೊತ್ತಾಗಿದ್ದು ಕಾಲ್ಬೆರಳಿನ ಉಗುರಿನಡೀನೇ, 1981ರಲ್ಲಿ 36ನೇ ವಯಸ್ಸಿಗೇ ತೀರಿಕೊಂಡ್ರು. ಹಲವು ಉಗುರುಗಳಲ್ಲಿ ಹಳೇ ಕಂದು ಗೆರೆ ಇದ್ರೆ ಸಾಮಾನ್ಯವಾಗಿ ಭಯ ಬೇಡ. ಒಂದೇ ಉಗುರಲ್ಲಿ ಹೊಸದಾಗಿ ಎದ್ದು ಅಗಲ ಆಗ್ತಾ ಇದ್ರೆ, ಬಣ್ಣ ಬುಡದ ಚರ್ಮಕ್ಕೂ ಹಬ್ಬಿದ್ರೆ ಚರ್ಮದ ಡಾಕ್ಟರಿಗೆ ತೋರಿಸಿ. ಆಣಿ ಅಂದ್ಕೊಂಡು ಬ್ಲೇಡ್ ಹಾಕೋದು, ಆಣಿ ಔಷಧಿ ಸುರಿಯೋದು ಮಾಡ್ಬೇಡಿ. ತಿಂಗಳಾದ್ರೂ ಮಾಯದ ಹುಣ್ಣು, ಅಂಚು ವಕ್ರವಾಗಿ ಬೆಳೀತಿರೋ ಮಚ್ಚೆ ಇದ್ರೆ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗ್ದಿಟ್ಕೊಳ್ಳಿ, ಡಾಕ್ಟರಿಗೆ ಹೋಲಿಸೋಕಾಗುತ್ತೆ. ಇವತ್ತು ಕಾಲು ತೊಳೆಯೋವಾಗ ಅಂಗಾಲು ತಿರುಗಿಸಿ, ಬೆರಳ ಸಂದಿ ಬಿಡಿಸಿ ಒಂದ್ಸಲ ನೋಡಿ ಚಿಕ್ಕಪ್ಪ.