ಅಮ್ಮನ ಖಿನ್ನತೆಯ ಮಾತ್ರೆ ಮತ್ತು ಎದೆಬಡಿತ: ಮಾತ್ರೆಯನ್ನು ನಿಲ್ಲಿಸಬೇಕೇ?

ಪ್ರಶ್ನೆ: ದಾವಣಗೆರೆಯಿಂದ, ಮಗಳು

ನಮಸ್ಕಾರ. ನನ್ನ ತಾಯಿಗೆ ಈಗ 67 ವರ್ಷ. ತಂದೆಯವರು ತೀರಿಕೊಂಡ ಮೇಲೆ ಊಟ, ನಿದ್ರೆ ಬಿಟ್ಟು ಮೂಲೆ ಹಿಡಿದಿದ್ದ ಅವರು, ಮನೋವೈದ್ಯರು ಬರೆದುಕೊಟ್ಟ ಎಸ್ಸಿಟಾಲೊಪ್ರಾಮ್ ಮಾತ್ರೆಯಿಂದ ನಾಲ್ಕೈದು ತಿಂಗಳಲ್ಲಿ ಮೊದಲಿನಂತಾದರು. 10 ಮಿಲಿಗ್ರಾಂ ಇದ್ದ ಪ್ರಮಾಣವನ್ನು ಎರಡು ತಿಂಗಳ ಹಿಂದೆ 20ಕ್ಕೆ ಏರಿಸಿದರು. ಈಚೆಗೆ ಮೂರು ವಾರಗಳಿಂದ ಎದೆ ಡವಡವ ಹೊಡೆದುಕೊಳ್ಳುತ್ತದೆ ಎನ್ನುತ್ತಿದ್ದಾರೆ. ಮೊನ್ನೆ ಬೆಳಿಗ್ಗೆ ರಂಗೋಲಿ ಹಾಕಿ ಏಳುವಾಗ ಕಣ್ಣು ಕತ್ತಲೆ ಬಂದು ಗೇಟು ಹಿಡಿದು ನಿಂತಿದ್ದರು. ರಂಗೋಲಿ ಬಟ್ಟಲು ಮೆಟ್ಟಿಲ ಮೇಲೆ ಮಗುಚಿ ಬಿದ್ದಿತ್ತು.

ಅವರ ಸ್ಟೀಲ್ ಡಬ್ಬಿಯಲ್ಲಿ ಇನ್ನೂ ಎರಡು ಮಾತ್ರೆಗಳಿವೆ: ಬಿಪಿಗೆ ಟೆಲ್ಮಿಸಾರ್ಟನ್ ಮತ್ತು ಹೈಡ್ರೊಕ್ಲೋರೊಥಯಜೈಡ್ ಸೇರಿದ ಮಾತ್ರೆ, ಖಾಲಿ ಹೊಟ್ಟೆಗೆ ತೆಗೆದುಕೊಳ್ಳುವ ಗ್ಯಾಸ್ ಮಾತ್ರೆ. ಮನಸ್ಸಿನ ಮಾತ್ರೆ ಹೃದಯವನ್ನು ಹಾಳು ಮಾಡುತ್ತದೆ, ಇವತ್ತೇ ನಿಲ್ಲಿಸು ಎಂದು ಸೋದರಮಾವ ಒತ್ತಾಯಿಸುತ್ತಿದ್ದಾರೆ. ನಿಲ್ಲಿಸಿದರೆ ಅಮ್ಮ ಮತ್ತೆ ಮೂಲೆ ಸೇರುತ್ತಾರೆಂಬ ಭಯ ನನಗೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ಶಿವಮೊಗ್ಗದಿಂದ, ಕುಟುಂಬ ವೈದ್ಯ

ಮೊದಲನೆಯ ಮಾತು: ಮಾತ್ರೆಯನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಹಾಗೆ ಮಾಡಿದರೆ ತಲೆಸುತ್ತು, ಚಡಪಡಿಕೆ, ಮೈಯಲ್ಲಿ ಕರೆಂಟು ಹೊಡೆದಂತಹ ಅನುಭವ ಬರಬಹುದು, ಖಿನ್ನತೆಯೂ ಮರುಕಳಿಸಬಹುದು. ಆದರೆ ನಿಮ್ಮ ಮಾವನವರ ಆತಂಕಕ್ಕೆ ಆಧಾರವೇ ಇಲ್ಲ ಎಂದೂ ಹೇಳಲಾರೆ. ಈ ಎರಡು ದಿನಗಳಲ್ಲಿಯೇ ಇಸಿಜಿ ಮಾಡಿಸಿ. ಅದರ ಜೊತೆ ರಕ್ತದಲ್ಲಿನ ಸೋಡಿಯಂ, ಪೊಟ್ಯಾಶಿಯಂ ಮತ್ತು ಮೆಗ್ನೀಶಿಯಂ ಪರೀಕ್ಷಿಸಿ. ಪ್ರಜ್ಞೆ ತಪ್ಪಿ ಬಿದ್ದರಂತೂ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.

ಹೃದಯ ಪ್ರತಿ ಬಡಿತದ ನಂತರ ಮುಂದಿನ ಬಡಿತಕ್ಕೆ ವಿದ್ಯುತ್ತಿನ ದೃಷ್ಟಿಯಿಂದ ಸಜ್ಜಾಗಬೇಕು. ಇಸಿಜಿಯಲ್ಲಿ ಕ್ಯೂಟಿ ಎಂದು ಅಳೆಯುವ ಅಂತರದಲ್ಲಿ ಈ ಸಜ್ಜಾಗುವ ಕಾಲವೂ ಸೇರಿದೆ. ಬಡಿತದ ವೇಗಕ್ಕೆ ಹೊಂದಿಸಿ ಲೆಕ್ಕ ಹಾಕಿದಾಗ ಹೆಂಗಸರಲ್ಲಿ ಅದು ಸುಮಾರು 460 ಮಿಲಿಸೆಕೆಂಡಿನ ಒಳಗಿರಬೇಕು. 500 ದಾಟಿದರೆ ಹೃದಯದ ಲಯ ಅಪಾಯಕಾರಿಯಾಗಿ ತಪ್ಪುವ ಸಂಭವ ಹೆಚ್ಚು. ನಿಮ್ಮ ತಾಯಿಯ ಎಸ್ಸಿಟಾಲೊಪ್ರಾಮ್ ಮತ್ತು ಅದೇ ಬಗೆಯ ಸಿಟಾಲೊಪ್ರಾಮ್ ಈ ಅಂತರವನ್ನು ಹಿಗ್ಗಿಸುತ್ತವೆ, ಪ್ರಮಾಣ ಏರಿದಷ್ಟೂ ಹೆಚ್ಚು. ಆದ್ದರಿಂದಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಸಿಟಾಲೊಪ್ರಾಮ್ ದಿನಕ್ಕೆ 40 ಮಿಲಿಗ್ರಾಂ ಮೀರಬಾರದೆಂದು 2011ರಲ್ಲಿ ಎಚ್ಚರಿಸಿತು, ಮತ್ತು ಅದೇ ವರ್ಷದ ಕೊನೆಯಲ್ಲಿ ಬ್ರಿಟನ್ನಿನ ನಿಯಂತ್ರಣ ಸಂಸ್ಥೆಯು 65 ದಾಟಿದವರಿಗೆ ಎಸ್ಸಿಟಾಲೊಪ್ರಾಮ್‌ನ ಮಿತಿಯನ್ನು 10 ಮಿಲಿಗ್ರಾಂಗೆ ಇಳಿಸಿತು. ನಿಮ್ಮ ತಾಯಿ ತೆಗೆದುಕೊಳ್ಳುತ್ತಿರುವುದು ಅದರ ಎರಡರಷ್ಟು.

ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಡಬ್ಬಿಯಲ್ಲಿರುವ ಉಳಿದೆರಡು ಮಾತ್ರೆಗಳು. ಹೈಡ್ರೊಕ್ಲೋರೊಥಯಜೈಡ್ ಮೂತ್ರದ ಮೂಲಕ ಪೊಟ್ಯಾಶಿಯಂ, ಮೆಗ್ನೀಶಿಯಂ ಹೊರಹಾಕುತ್ತದೆ, ಅವು ಕಡಿಮೆಯಾದರೆ ಕ್ಯೂಟಿ ಇನ್ನಷ್ಟು ಹಿಗ್ಗುತ್ತದೆ. ಅಲ್ಲದೆ ವಯಸ್ಸಾದವರಲ್ಲಿ ಇದು ಮತ್ತು ಎಸ್ಸಿಟಾಲೊಪ್ರಾಮ್ ಸೇರಿ ಸೋಡಿಯಂ ಅನ್ನೂ ತಗ್ಗಿಸಬಲ್ಲವು, ತಲೆಸುತ್ತಿಗೆ ಅದೊಂದೇ ಸಾಕು. ಇನ್ನು ಗ್ಯಾಸ್ ಮಾತ್ರೆಯ ಹಾಳೆಯನ್ನು ತಿರುಗಿಸಿ ಸಣ್ಣ ಅಕ್ಷರಗಳನ್ನು ಓದಿ. ನಮ್ಮಲ್ಲಿ ಧಾರಾಳವಾಗಿ ಮಾರಾಟವಾಗುವ ಒಂದು ಬಗೆಯಲ್ಲಿ ಒಮೆಪ್ರಜೋಲ್ ಮತ್ತು ಡೊಂಪೆರಿಡೋನ್ ಒಟ್ಟಿಗೆ ಇರುತ್ತವೆ. ಒಮೆಪ್ರಜೋಲ್ ಯಕೃತ್ತಿನಲ್ಲಿ ಎಸ್ಸಿಟಾಲೊಪ್ರಾಮ್ ಕರಗುವುದನ್ನು ನಿಧಾನಿಸಿ ರಕ್ತದಲ್ಲಿ ಅದರ ಮಟ್ಟವನ್ನು ಏರಿಸುತ್ತದೆ, ಡೊಂಪೆರಿಡೋನ್ ತಾನೇ ಕ್ಯೂಟಿಯನ್ನು ಹಿಗ್ಗಿಸುತ್ತದೆ. ಹೆಚ್ಚಿನ ಮನೆಗಳಲ್ಲಿ ಗ್ಯಾಸ್ ಮಾತ್ರೆಯನ್ನು ಔಷಧಿಯೆಂದೇ ಲೆಕ್ಕಿಸುವುದಿಲ್ಲ, ವೈದ್ಯರಿಗೂ ಹೇಳುವುದಿಲ್ಲ.

ಉತ್ತರ 2: ಮೈಸೂರಿನಿಂದ, ನಿವೃತ್ತ ಶಿಕ್ಷಕ

ಡಾಕ್ಟರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಹೊಸ ಮಾತ್ರೆಗಳನ್ನಷ್ಟೇ ದೂರಬಾರದೆಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಅಣ್ಣನಿಗೆ ಹಿಂದೆ ಅಮಿಟ್ರಿಪ್ಟಿಲಿನ್ ಎಂಬ ಖಿನ್ನತೆಯ ಹಳೆಯ ಮಾತ್ರೆ ಕೊಟ್ಟಿದ್ದರು. ಅದು ಮಲಗಿದವರು ಎದ್ದು ನಿಂತಾಗ ರಕ್ತದೊತ್ತಡವನ್ನು ಕುಸಿಯುವಂತೆ ಮಾಡುತ್ತದೆ, ಬಡಿತವನ್ನು ಏರಿಸುತ್ತದೆ, ಹೃದಯದ ವಿದ್ಯುತ್ ಪ್ರವಾಹವನ್ನೂ ನಿಧಾನಿಸುತ್ತದೆ ಎಂಬುದು ನಮಗೆ ತಿಳಿದಿದ್ದು ಒಂದು ರಾತ್ರಿ ಅವನು ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದುಕೊಂಡ ಮೇಲೆ. ಹೊಸದಕ್ಕೆ ಹೆದರಿ ಹಳೆಯ ಮಾತ್ರೆಯೇ ಕ್ಷೇಮವೆಂದು ಹೋಗಬೇಡಿ. ತಾಯಿಯವರ ಬಿಪಿಯನ್ನು ಮಲಗಿಸಿ ಒಮ್ಮೆ, ನಿಂತ ಮೇಲೆ ಇನ್ನೊಮ್ಮೆ ನೋಡಿಸಿ. ಹಾಸಿಗೆಯಿಂದ ಏಳುವಾಗ ಒಂದೆರಡು ನಿಮಿಷ ಕುಳಿತೇ ಇರಲು ಹೇಳಿ.

ಉತ್ತರ 3: ಹುಬ್ಬಳ್ಳಿಯಿಂದ, ಗೃಹಿಣಿ

ನಮ್ಮ ಯಜಮಾನರಿಗೆ ಹೃದಯಾಘಾತವಾದ ಮೇಲೆ ಖಿನ್ನತೆ ಆವರಿಸಿತು. ಹೃದಯದ ರೋಗಿಗೆ ಇಂಥ ಮಾತ್ರೆ ಬೇಡವೇ ಬೇಡ ಎಂದು ಮನೆಯವರೆಲ್ಲ ತಡೆದರು. ಖಿನ್ನತೆಗೆ ಚಿಕಿತ್ಸೆ ಕೊಡದಿರುವುದೂ ಹೃದಯಕ್ಕೆ ಅಪಾಯವೇ ಎಂದು ತಿಳಿಸಿ ಹೇಳಿದವರು ಹೃದ್ರೋಗ ತಜ್ಞರು. ಸರ್ಟ್ರಾಲಿನ್ ಎಂಬ ಖಿನ್ನತೆಯ ಮಾತ್ರೆಯನ್ನು ಹೃದಯಾಘಾತ ಅಥವಾ ತೀವ್ರ ಎದೆನೋವಿಗೆ ಒಳಗಾದ 369 ರೋಗಿಗಳಲ್ಲಿ ಪರೀಕ್ಷಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತೆಂದೂ, ಅದರಲ್ಲಿ ಆ ಮಾತ್ರೆಯಿಂದ ಹೃದಯಕ್ಕೆ ತೊಂದರೆ ಕಾಣಲಿಲ್ಲವೆಂದೂ ವಿವರಿಸಿದರು. ನಮ್ಮವರು ಎರಡು ವರ್ಷಗಳಿಂದ ಅದನ್ನೇ ತೆಗೆದುಕೊಳ್ಳುತ್ತಿದ್ದಾರೆ. ಆಸ್ಪಿರಿನ್ ಜೊತೆಗಿರುವುದರಿಂದ ರಕ್ತಸ್ರಾವದ ಕಡೆ ಗಮನವಿಡಿ ಎಂದಿದ್ದರು. ಒಸಡಿನಿಂದ ರಕ್ತ ಬರುವುದು, ಮಲ ಕಪ್ಪಾಗುವುದು ಇವನ್ನು ನೋಡುತ್ತಿರುತ್ತೇನೆ. ಮಾತ್ರೆ ಬದಲಿಸುವ ದಾರಿಯೂ ಇದೆ, ಅದರ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ.

ಪ್ರಶ್ನೆ ಕೇಳಿದವರು, ಆರು ದಿನಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಹಾಳೆ ತಿರುಗಿಸಿ ಓದಿದಾಗ ಎರಡೂ ಹೆಸರುಗಳಿದ್ದವು. ಅಮ್ಮ ಅದನ್ನು ಮೂರು ವರ್ಷಗಳಿಂದ ಚೀಟಿಯಿಲ್ಲದೆ ತರಿಸಿಕೊಂಡು ನುಂಗುತ್ತಿದ್ದರು. ಇಸಿಜಿಯಲ್ಲಿ ಕ್ಯೂಟಿ 478, ರಕ್ತದಲ್ಲಿ ಸೋಡಿಯಂ 129, ಪೊಟ್ಯಾಶಿಯಂ 3.2 ಬಂದಿತು, ಇವೆರಡೂ ಇರಬೇಕಾದ್ದಕ್ಕಿಂತ ಕಡಿಮೆ. ಡಬ್ಬಿಯನ್ನೇ ಒಯ್ದು ಮನೋವೈದ್ಯರ ಮೇಜಿನ ಮೇಲೆ ಇಟ್ಟೆ. ಅವರು ನಮ್ಮ ಬಿಪಿ ವೈದ್ಯರಿಗೆ ಫೋನು ಮಾಡಿ ಮಾತನಾಡಿ, ಎಸ್ಸಿಟಾಲೊಪ್ರಾಮ್ ಅನ್ನು 10ಕ್ಕೆ ಇಳಿಸಿದರು, ಗ್ಯಾಸ್ ಮಾತ್ರೆಯನ್ನು ನಿಲ್ಲಿಸಿದರು. ಬಿಪಿಗೆ ಹೈಡ್ರೊಕ್ಲೋರೊಥಯಜೈಡ್ ಇಲ್ಲದ ಮಾತ್ರೆ ಕೊಟ್ಟಿದ್ದಾರೆ. ಸೋಡಿಯಂ ಮತ್ತು ಪೊಟ್ಯಾಶಿಯಂ ಮರುಪರೀಕ್ಷೆ ನಾಳೆ, ಇಸಿಜಿ ಮುಂದಿನ ವಾರ. ವರದಿ ಬಂದೊಡನೆ ಇಲ್ಲಿ ತಿಳಿಸುತ್ತೇನೆ.